ಸುಳ್ಳು ಹೆಸರಿನ ಟ್ಯೂಬು

ಸುಳ್ಳು ಹೆಸರು ಅಂಟಿಸಿದ ತನ್ನದೇ ರಕ್ತದ ಟ್ಯೂಬನ್ನು ಲ್ಯಾಬ್ ಟೆಕ್ನೀಶಿಯನ್ ಮೂರನೇ ಸಲ ಯಂತ್ರಕ್ಕೆ ಕೊಟ್ಟಳು. ಅನುಮಾನ ಬಂದರೆ ಎರಡು ಸಲ ನೋಡುವುದು ಅಲ್ಲಿನ ರೂಢಿ. ಮೂರನೆಯದು ಬರೀ ಆಸೆ. ಮದುವೆಯಾಗಿ ಆರು ವರ್ಷ, ಮಕ್ಕಳಿಲ್ಲ. ವಿಟಮಿನ್ ಕೊರತೆಯಷ್ಟೇ ಆಗಿರಲಿ ಎಂದು ಬೇಡಿಕೊಂಡು, ನಾಲ್ಕು ತಿಂಗಳು ಮಾತ್ರೆ ನುಂಗಿ ತಾರಸಿಯ ಬಿಸಿಲಲ್ಲಿ ಕೂತಿದ್ದಳು.

"ವಿಟಮಿನ್ ಡಿ ಫಸ್ಟ್ ಕ್ಲಾಸು!" ಯಂತ್ರದ ಪರದೆಯತ್ತ ಇಣುಕಿದ ಜೊತೆಯವಳು ಡಾಕ್ಟರಮ್ಮನ ಮೂಗುದನಿ ತೆಗೆದಳು. "ನೋಡಮ್ಮಾ, ಬಿಸಿಲೆಲ್ಲ ನೀನೇ ಕುಡಿದುಬಿಟ್ರೆ ನಮಗೇನು ಉಳೀತು?" ಕೆಳಗಿನ ಸಾಲಿನಲ್ಲಿ ಅಂಡಾಣುಗಳ ಲೆಕ್ಕ ಹೇಳುವ ಹಾರ್ಮೋನು ಕಂಡದ್ದೇ ಅವಳ ದನಿ ಇಳಿಯಿತು. "ಅಯ್ಯೋ ಅಕ್ಕ, ಇದು ಸೊನ್ನೆಗೇ ಬಂದಿದೆಯಲ್ಲ. ಇವಳಿಗೆ ಮಕ್ಕಳಾಗೋದು ಕಷ್ಟಾನೇ. ಪಾಪ, ಫೋನ್ ಹತ್ರಾನೇ ಕೂತಿರ್ತಾಳೆ. ಯಾರು ಹೇಳೋದು ಅವಳಿಗೆ?"

ಅಕ್ಕ ಕೈಗವಸು ಬಿಚ್ಚಿ, ಒಳಗೆ ಸಿಕ್ಕಿಕೊಂಡಿದ್ದ ಅದರ ಬೆರಳುಗಳನ್ನು ಒಂದೊಂದಾಗಿ ಹೊರಗೆಳೆದಳು.

"ನೀನೇ ಹೇಳಿಯಾಯ್ತಲ್ಲೇ," ಎಂದಳು.