ಮಾನ್ಯ ಮೇಡಂ ಅವರಿಗೆ

‘ಮಾನ್ಯ ಮೇಡಂ ಅವರಿಗೆ’ ಎಂದು ಟೈಪ್ ಮಾಡಿ ಅಕ್ಕ ತಲೆ ಎತ್ತಿದಳು. ಮಾನ್ಯ ಮೇಡಂ ಎದುರಿಗೇ, ತೋಳು ಹರಿದ ನೈಟಿಯಲ್ಲಿ ಕೂತು ಮಗಳಿಗೆ ಹಾಲಿನಲ್ಲಿ ಬಿಸ್ಕತ್ತು ಅದ್ದಿ ತಿನ್ನಿಸುತ್ತಿದ್ದಳು.

“ಬಾಯಲ್ಲಿ ಹೇಳಿದ್ರೆ ಆಗಲ್ವೇನೇ?”

“ಆಗಲ್ಲ ಅಕ್ಕ. ನೀನು ನನ್ನ ಅಕ್ಕ ಅಂತ ಕಾಲೇಜಿಗೆಲ್ಲ ಗೊತ್ತು. ಪ್ರಿನ್ಸಿಪಾಲರು ಕಣ್ಣಲ್ಲಿ ಎಣ್ಣೆ ಬಿಟ್ಕೊಂಡು ಕಾಯ್ತಿದ್ದಾರೆ. ಮೇಲ್ ಬರ್ಲಿ, ಅದಕ್ಕೆ ಉತ್ತರ ಹೋಗ್ಲಿ.”

ಆಸ್ಪತ್ರೆಯಲ್ಲಿ ಆಯಾ ಆಗಿ ಮೈ ಸವೆಸಿದ ಅಕ್ಕ, ತಾನೂ ನರ್ಸ್ ಆಗಬೇಕೆಂದು ಕೆಲಸ ಮಾಡುತ್ತಲೇ ಓದುವವರ ಕೋರ್ಸಿಗೆ ಸೇರಿದ್ದಳು. ಪಾಠ ಹೇಳುವವಳು ಸ್ವಂತ ತಂಗಿ. ಮೊನ್ನೆ ಕೊನೆಯ ಅಸೈನ್‌ಮೆಂಟಿನ ಹಾಳೆಗಳ ಫೋಟೊ ತೆಗೆದು ಕಾಲೇಜಿನ ಸೈಟಿಗೆ ಹಾಕಲು ಕೂತಾಗ ತೊಡೆಯ ಮೇಲೆ ತಂಗಿಯ ಮಗಳು, ಮೈ ಕೆಂಡದಂತೆ ಸುಡುತ್ತಿತ್ತು. ಅಷ್ಟರಲ್ಲಿ ಕಾಲೇಜಿನಿಂದ ತಂಗಿಯ ಫೋನು: “ಡಾಕ್ಟರ್ ಚೀಟಿ ಫೋಟೊ ಕಳಿಸು, ಬರ್ತಾ ಔಷಧಿ ತರ್ತೀನಿ.” ಮಗು ಕಿರುಚುತ್ತಿತ್ತು. ಆ ಗಡಿಬಿಡಿಯಲ್ಲಿ ಔಷಧಿ ಚೀಟಿ ಕಾಲೇಜಿನ ಸೈಟಿಗೆ ಹೋಯಿತು, ಅಸೈನ್‌ಮೆಂಟ್ ಅಷ್ಟೂ ತಂಗಿಯ ವಾಟ್ಸಾಪಿಗೆ ಹೋಯಿತು. ತಂಗಿ ಮತ್ತೆ ಫೋನ್ ಮಾಡಿ ಬೈದು ಚೀಟಿ ತರಿಸಿಕೊಂಡಳು. ಕಾಲೇಜಿಗೆ ಹೋದದ್ದೇನು ಎಂದು ನೋಡುವ ಪುರುಸೊತ್ತು ಇಬ್ಬರಿಗೂ ಇರಲಿಲ್ಲ. ಕೊನೆಯ ದಿನಾಂಕ ದಾಟಿದ ಮೇಲೆ ಮೇಡಂ ತಿದ್ದಲು ತೆರೆದು ನೋಡಿದರೆ, ಅಕ್ಕನ ಹೆಸರಿನಡಿ ಇದ್ದದ್ದು ಮಗಳ ಜ್ವರದ ಸಿರಪ್ಪು.

“ನಾನು ಬರೆದಿದ್ದು ಟೈಮಿಗೆ ಸರಿಯಾಗಿ ನಿನಗೆ ಬಂದಿದೆಯಲ್ಲೇ. ನಿನ್ನ ಫೋನಲ್ಲೇ ಇದೆ.”

“ತಂಗಿಗೆ ಬಂದಿದೆ. ಮೇಡಂಗೆ ಬಂದಿಲ್ಲ.”

ಈ ಅಸೈನ್‌ಮೆಂಟ್ ಇಲ್ಲದೆ ಪರೀಕ್ಷೆಗೆ ಕೂರಿಸುವುದಿಲ್ಲ. ಇನ್ನೊಂದು ವರ್ಷ ರೋಗಿಗಳ ಮಗ್ಗುಲು ಬದಲಿಸುತ್ತಾ ಸೊಂಟ ಮುರಿದುಕೊಳ್ಳಬೇಕು ಎಂದುಕೊಂಡಾಗ ಅಕ್ಕನಿಗೆ ಕೂತಲ್ಲೇ ಸುಸ್ತಾಯಿತು. ತಡವಾದರೂ ಅಸೈನ್‌ಮೆಂಟ್ ತೆಗೆದುಕೊಳ್ಳಿ ಎಂದು ಬರೆದಷ್ಟನ್ನು ಗಟ್ಟಿಯಾಗಿ ಓದಿದಳು.

“ದಯವಿಟ್ಟು ಅನ್ನೋದು ಮೂರು ಸಲ ಬಂತು. ಒಂದು ಸಾಕು,” ಎಂದಳು ತಂಗಿ.

“ಕಡಿಮೆಯಾದ್ರೆ ಮೇಡಂಗೆ ಕೋಪ ಬರಲ್ವಾ?”

“ಕೋಪ ಮಾಡ್ಕೊಳ್ಳೋಕೆ ಅವರಿಗೆ ತ್ರಾಣ ಎಲ್ಲಿದೆ!” ಇಬ್ಬರೂ ನಕ್ಕರು. ನಗು ಬಹಳ ಹೊತ್ತು ಉಳಿಯಲಿಲ್ಲ.

“ಕಾರಣ ಏನಂತ ಹಾಕ್ಲಿ?”

ತಂಗಿ ಮಗಳ ಬಾಯಿ ಒರೆಸಿದಳು. ಒರೆಸಿದ್ದನ್ನೇ ಮತ್ತೆ ಒರೆಸಿದಳು. “ಮನೆಯಲ್ಲಿ ಮಗುವಿಗೆ ಹುಷಾರಿರಲಿಲ್ಲ ಅಂತ ಹಾಕು. ಯಾರ ಮಗು ಅಂತ ಬೇಡ.”

ಅಕ್ಕನಿಗೆ ಚುರುಕ್ಕೆಂದಿತು. ಆಸ್ಪತ್ರೆಯ ಪಾಳಿ ಮುಗಿಸಿ ಬಂದು, ತಂಗಿ ಪಾಠ ಮುಗಿಸಿ ಬರುವವರೆಗೆ ಈ ಮಗುವಿನ ಉಚ್ಚೆ ಹೇಲು ಬಳಿಯುತ್ತಿದ್ದವಳು ಅವಳೇ. ಆದರೂ ಮಾತು ಬೆಳೆಸದೆ ಹಾಗೇ ಟೈಪ್ ಮಾಡಿ ಕಳಿಸಿದಳು. ಮೇಜಿನ ಮೇಲಿದ್ದ ತಂಗಿಯ ಫೋನು ಟಣ್ ಎಂದಿತು. ತಂಗಿ ಕನ್ನಡಕ ಹಾಕಿಕೊಂಡು, ಇದುವರೆಗೆ ಅದರ ಒಂದಕ್ಷರವೂ ಕಿವಿಗೆ ಬಿದ್ದಿಲ್ಲವೆಂಬಂತೆ ಮೇಲನ್ನು ಮೊದಲಿಂದ ಓದಿದಳು.

“ಒಪ್ಕೋತಾರಾ?” ಅಕ್ಕ ಕೇಳಿದಳು.

“ಮನೆ ಕಾರಣ ಒಪ್ಪೋ ಹಾಗಿಲ್ಲ ಅಕ್ಕ. ಮನೆ ಯಾರಿಗಿಲ್ಲ ಅಂತಾರೆ ಪ್ರಿನ್ಸಿಪಾಲರು. ಹೋದ ವರ್ಷ ಬಾಣಂತಿ ಒಬ್ಬಳು ಅತ್ತು ಕೇಳಿದ್ಲು, ನಾನೇ ಆಗಲ್ಲ ಅಂದೆ. ಈಗ ನಿನಗೆ ಹೇಗೆ ಹೂಂ ಅನ್ಲಿ?” ತಂಗಿಯ ದನಿ ಒಡೆಯಿತು. ಅವಳಿಗೆ ನಿಜಕ್ಕೂ ಸಂಕಟವಾಗುತ್ತಿತ್ತು. ಅಕ್ಕನಿಗೆ ಅದು ಕಾಣುತ್ತಿತ್ತು, ಅದಕ್ಕೇ ಜಗಳ ಆಡಲೂ ಮನಸ್ಸು ಬರಲಿಲ್ಲ.

ಕೊನೆಗೆ ತಂಗಿ ಎದ್ದು ನಿಂತಳು. ರಚ್ಚೆ ಹಿಡಿದ ಮಗಳನ್ನು ಸೊಂಟದಿಂದ ಬಿಡಿಸಿ ಅಕ್ಕನ ಕಡೆ ಚಾಚಿದಳು.

“ಇವಳನ್ನ ಸ್ವಲ್ಪ ಎತ್ಕೋ ಅಕ್ಕ. ನಿನ್ನ ಮೇಲ್‌ಗೆ ಉತ್ತರ ಬರೀಬೇಕು.”