ಸೀಟಿ ಊದುವ ಮುಂಚೆ

ಅನಿಷಾ ಚಾಚಿದ ಐವತ್ತರ ನೋಟನ್ನು ಕುಷ್ಟ ಮುಟ್ಟಲಿಲ್ಲ.

"ಟಿಕೆಟ್ ಆಮೇಲ್ ಕೊಡ್ತೆ. ಆ ಅಜ್ಜಿನ ಎಂತಕ್ಕ್ ಬಿಟ್ಟ್ ಬಂದದ್ದ್, ಅದನ್ನ ಮೊದ್ಲ್ ಹೇಳಿ."

ಬಸ್ಸು ಆಗಷ್ಟೇ ಕುಂದಾಪುರ ಬಿಟ್ಟಿತ್ತು. ಬ್ರಹ್ಮಾವರದಿಂದ ಬೈಂದೂರಿಗೆ ಓಡುವ ಈ ಖಾಸಗಿ ಬಸ್ಸಿಗೆ ಕುಷ್ಟ ಇಪ್ಪತ್ತೆರಡು ವರ್ಷದಿಂದ ಕಂಡಕ್ಟರ್. ಹೋದ ವರ್ಷ ಅನಿಷಾ ಮತ್ತು ಅವಳ ಗೆಳೆಯರು ಒಂದು ತಿಂಗಳು ಇದೇ ಬಸ್ಸಿನಲ್ಲಿ ಓಡಾಡಿ, ಅವನ ಮಾತು, ಅವನ ಬೈಗುಳ ಎಲ್ಲವನ್ನೂ ಬರೆದುಕೊಂಡು ಹೋಗಿ 'ನಾಳೆ ಬಪ್ಪ ಬಸ್' ಎಂಬ ವೆಬ್ ಸೀರೀಸ್ ಮಾಡಿದ್ದರು. ಕಥೆ ಬರೆದವಳು ಇವಳೇ. ಅರಾಟೆ ಸೇತುವೆ ದಾಟಿದ ಕೂಡಲೇ ಯಾವುದೋ ಕಾಲಕ್ಕೆ, ಯಾವುದೋ ಲೋಕಕ್ಕೆ ಹೋಗಿಬಿಡುವ ಬಸ್ಸಿನ ಕಥೆ. ಮೂರು ತಲೆಯ ರಾಕ್ಷಸ ಒಂದೇ ಟಿಕೆಟ್ ಸಾಕೆಂದು ಜಗಳಕ್ಕೆ ನಿಂತದ್ದು, ಚಂದ್ರಲೋಕದವರು ಮೆಟ್ಟಿಲಿಗೆ ಕಾಲೂರದೆ ಬಾಗಿಲಲ್ಲೇ ತೇಲಿಕೊಂಡು ಬಂದದ್ದು, ಎಲ್ಲ ಕುಷ್ಟನಿಗೆ ಬಾಯಿಪಾಠ. ಒಂದೊಂದು ಕಂತನ್ನೂ ನಾಲ್ಕು ಸಲ ನೋಡಿದ್ದ. ನೋಡದ ಪ್ರಯಾಣಿಕರಿಗೆ ಚಿಲ್ಲರೆಯ ಜೊತೆ ಕಥೆಯನ್ನೂ ಕೊಟ್ಟಿದ್ದ.

ಕೊನೆಯ ಕಂತು ನಿನ್ನೆ ಬಂದಿತ್ತು. ಮಗಳ ಬಾಣಂತನಕ್ಕೆಂದು ಹೊರಟ ಅಜ್ಜಿಯೊಬ್ಬಳು ಸಾವಿರ ವರ್ಷ ಹಿಂದಿನ ಊರೊಂದರಲ್ಲಿ ನೀರು ಕುಡಿಯಲು ಇಳಿಯುತ್ತಾಳೆ. ಟೈಮ್ ಆಯಿತೆಂದು ಕಂಡಕ್ಟರ್ ಸೀಟಿ ಊದುತ್ತಾನೆ. ಬಸ್ಸು ಹೊರಟೇ ಹೋಗುತ್ತದೆ. ಅಜ್ಜಿ ಅಲ್ಲೇ ಉಳಿಯುತ್ತಾಳೆ.

"ಕುಷ್ಟಣ್ಣ, ಅದ್ ಕಾಮಿಡಿ ಅಲ್ದಾ," ಅನಿಷಾ ನಗಲು ನೋಡಿದಳು.

"ಮುದಿ ಹೆಂಗ್ಸ್ ಚೊಂಬ್ ಹಿಡ್ಕಂಡ್ ಬಸ್ಸಿನ ಹಿಂದ್ ಓಡುದ್ ಕಾಮಿಡಿಯಾ?"

"ಕಡೇ ಕಂತಲ್ದಾ. ನೋಡಿದವ್ರ ಮನ್ಸಿಗ್ ಎಂತಾರೂ ತಾಗ್ಕ್."

"ತಾಗಿತ್. ಆ ಕಂಡಕ್ಟರ್ ನಾನೇ ಅಂದೇಳಿ ಊರಿಡೀ ಹೇಳ್ಕಂಡ್ ತಿರ್ಗಿದವ ನಾನ್. ಇವತ್ತ್ ಬ್ರಹ್ಮಾವರ ಸ್ಟ್ಯಾಂಡಲ್ಲಿ ಇಬ್ರ್ ಕೇಂಡ್ರ್, 'ಎಂತ ಕುಷ್ಟ, ಅಜ್ಜಿನ ಎಲ್ಲ್ ಬಿಟ್ಟ್ ಬಂದೆ' ಅಂದೇಳಿ. ಎಂತ ಉತ್ತರ ಕೊಡುದ್ ನಾನ್?"

ಬಸ್ಸಿನಲ್ಲಿ ಫೋನು ನೋಡುತ್ತಿದ್ದವರೂ ತಲೆ ಎತ್ತಿದರು. ಕುಷ್ಟನ ದನಿ ಇನ್ನಷ್ಟು ಏರಿತು.

"ಈ ಲೈನಲ್ಲಿ ಜನ ಕಂಡಕ್ಟರ್ ಕೈಯಲ್ಲಿ ಔಷಧಿ ಕೊಟ್ ಕಳ್ಸ್ತ್ರ್, ಮೀನ್ ಕೊಟ್ ಕಳ್ಸ್ತ್ರ್, ಹೆತ್ತ ಅಬ್ಬಿನೇ ಹತ್ಸಿ ಕಳ್ಸ್ತ್ರ್. ಮುಂದಿನ ಸೀಟಲ್ಲಿ ಕೂಕಂಡಿರ್ ಅಲ್ದಾ, ಆ ಅಮ್ಮ, ಅವ್ರನ್ನ ಕಾಣಿ. ಬ್ರಹ್ಮಾವರದಲ್ಲಿ ಮಗಳ್ ಹತ್ಸಿ, 'ಹೆಮ್ಮಾಡಿಯಲ್ಲಿ ಇಳ್ಸಿ, ನನ್ ತಮ್ಮ ನಿಂತಿರ್ತ' ಅಂದಳ್. ನಾನ್ ಯಾರ್ ಅಂದೇಳಿ ಅವ್ಳಿಗೆ ಗೊತ್ತಿಲ್ಲ. ಕಂಡಕ್ಟರ್ ಅಂದೇಳಿ ಗೊತ್ತಿತ್ತ್, ಅಷ್ಟೇ ಸಾಕಾಯ್ತ್. ನಿಮ್ಗೆ ಒಂದ್ ತಿಂಗ್ಳ್ ನನ್ ಹಿಂದ್ ತಿರ್ಗಿಯೂ ಅದೊಂದ್ ಕಾಣ್ಲಿಲ್ಲ."

ಅನಿಷಾ ಏನೋ ಹೇಳಿದಳು: ಎರಡನೇ ಸೀಸನ್ ಅಂದಳು, ಕುತೂಹಲ ಅಂದಳು, ಆ ಪಾತ್ರ ಮಾಡಿದವರಿಗೆ ಮಂಡಿನೋವು, ಇನ್ನು ಬರುವುದಿಲ್ಲ ಅಂದಳು. ಒಂದೊಂದಕ್ಕೂ ಕುಷ್ಟ ಎರಡೆರಡು ಮಾತು ತಿರುಗಿಸಿ ಕೊಟ್ಟ. ನಡುವೆ ಬಸ್ಸು ಮೂರು ನಾಲ್ಕು ಕಡೆ ನಿಂತಿತು. ಯಾರೋ ಇಳಿದರು, ಯಾರೋ ಹತ್ತಿದರು. ಅವನ ತುಟಿ ತನ್ನ ಪಾಡಿಗೆ ಸೀಟಿ ಊದಿತು. ಅರಾಟೆ ಸೇತುವೆಯೂ ದಾಟಿತು.

"ಸೀಟಿ ಊದುವ ಮುಂಚೆ ಒಂದ್ಸಲ ಹಿಂದ್ ತಿರ್ಗಿ ಕಾಂಬುದ್—" ಎನ್ನುತ್ತಾ ಕುಷ್ಟ ಕೈ ಬೀಸಿದವನು ಹಾಗೇ ನಿಂತ. ಎಡಗಡೆಯ ಕಿಟಕಿಗಳಲ್ಲಿ ಸಮುದ್ರ ಕಾಣುತ್ತಿತ್ತು. ಹೆಮ್ಮಾಡಿಯಲ್ಲಿ ಸಮುದ್ರವಿಲ್ಲ. ಇದು ತ್ರಾಸಿ.

ಮುಂದಿನ ಸೀಟಿನಲ್ಲಿ ಆ ಅಮ್ಮ ಚೀಲವನ್ನು ತೊಡೆಯ ಮೇಲಿಟ್ಟುಕೊಂಡು, ಇವನ ಕಡೆಗೇ ತಿರುಗಿ ಕೂತಿದ್ದರು.

"ಅಮ್ಮಾ, ಹೆಮ್ಮಾಡಿ ಹಿಂದ್ ಹೋಯ್ತ್. ನೀವಾರೂ ಒಂದ್ ಮಾತ್ ಹೇಳುಕಾಗ್ದಾ?"

"ಗೊತ್ತಾಯ್ತ್ ಮಗಾ. ಕಥಿ ಮುಗೀಲಿ ಅಂದೇಳಿ ಕೂಕಂಡೆ. ಆ ಹೆಂಗ್ಸ್ ಕಡಿಗ್ ಮಗಳ್ ಮನಿಗ್ ಹೋದ್ಳಾ?"

ಕುಷ್ಟ ಅನಿಷಾಳನ್ನು ನೋಡಿದ. ಅವಳು ಸಮುದ್ರ ನೋಡಿದಳು.

ಅವನು ಸೀಟಿ ಊದಿ ಬಸ್ಸು ನಿಲ್ಲಿಸಿದ. ಅಮ್ಮನ ಕೈ ಹಿಡಿದು, ಚೀಲ ತಾನೇ ಹೊತ್ತು, ಹೆದ್ದಾರಿಯ ಆಚೆ ದಾಟಿಸಿದ. ಎದುರಿಗೆ ಬಂದದ್ದು ರತನ್ ಕಂಡಕ್ಟರ್ ಆಗಿರುವ ಬಸ್ಸು. ಬಸ್ಸು ಬಿಡುವ ಟೈಮಿನ ಜಗಳದಲ್ಲಿ ಇಬ್ಬರಿಗೂ ಎಂಟು ವರ್ಷದಿಂದ ಮಾತಿಲ್ಲ. ಕುಷ್ಟ ಆ ಬಸ್ಸಿಗೆ ಜನ್ಮದಲ್ಲೇ ಮೊದಲ ಸಲ ಕೈ ಅಡ್ಡ ಹಿಡಿದ.

"ಹೆಮ್ಮಾಡಿಯಲ್ಲಿ ಇಳ್ಸ್ಕ್. ಇವ್ರ ಮಗ ನಿಂತಿರ್ತ. ಅವ್ನ ಕೈಯಲ್ಲೇ ಒಪ್ಸ್ಕ್."

ರತನ್ ಅಮ್ಮನನ್ನು ಹತ್ತಿಸಿಕೊಂಡು, ಮೀಸೆಯಡಿ ನಗುತ್ತಾ ಕೇಳಿದ: "ಯಾವ ಕಾಲದ ಹೆಮ್ಮಾಡಿ, ಕುಷ್ಟಣ್ಣ?"

ಕುಷ್ಟ ಆ ಬಸ್ಸು ತಿರುವಿನಲ್ಲಿ ಮರೆಯಾಗುವ ತನಕ ನೋಡುತ್ತಾ ನಿಂತು, ಆಮೇಲೆ ರಸ್ತೆ ದಾಟಿ ಬಂದ. ಅನಿಷಾ ಬಾಗಿಲ ಹತ್ತಿರವೇ ಇದ್ದಳು.

"ಈಗ ನಿಮ್ದೂ ಹಾಂಗೇ ಆಯ್ತ್ ಅಲ್ದಾ, ಕುಷ್ಟಣ್ಣ," ಅಂದಳು, ಮೆಲ್ಲಗೆ.

"ಆಯ್ತ್. ತಪ್ಪ್ ನಂದೇ. ಆದ್ರೆ ನಾನ್ ಬಸ್ ನಿಲ್ಸಿದೆ. ನಿಮ್ ಬಸ್ ನಿಲ್ಲಲಿಲ್ಲ."

ಟೈಮ್ ಮೀರಿತೆಂದು ಡ್ರೈವರ್ ಪ್ರೇಮಾನಂದ ಎರಡು ಸಲ ಹಾರ್ನ್ ಹೊಡೆದ. ಅನಿಷಾ ಮತ್ತೆ ನೋಟು ಚಾಚಿದಳು. ಕುಷ್ಟ ಸೀಟಿಯನ್ನು ತುಟಿಗಿಟ್ಟವನು ತೆಗೆದ.

"ನಿಮ್ ಅಜ್ಜಿ ಇನ್ನೂ ಹತ್ಲಿಲ್ಲ," ಅಂದ. "ಹತ್ತಿದ ಮೇಲ್ ಟಿಕೆಟ್."