ಮೂಲೆಯ ಕಂಪ್ಯೂಟರ್

ಕಚೇರಿಯ ಐದು ಕಂಪ್ಯೂಟರುಗಳನ್ನು ಒಂದಕ್ಕೊಂದು ಬೆಸೆದಿದ್ದ ತಂತಿಗಳನ್ನೆಲ್ಲ ಕಿತ್ತು ಹಾಕಿ ರಿಪೇರಿಯವನು ತಲೆಯೆತ್ತಿದ. ವ್ಯವಸ್ಥಾಪಕ ಬಾಗಿಲಲ್ಲಿ ಕೈಕಟ್ಟಿ ನಿಂತಿದ್ದ.

“ವೈರಸ್ ತೆಗೆಯೋದು ಯಾರಿಗಾದ್ರೂ ಬರುತ್ತೆ. ಅದು ಯಾರ ಮೆಷಿನ್ನಿಂದ ಬರ್ತಿದೆ, ಅದನ್ನ ಹೇಳಿ. ಇವತ್ತು ಹೇಳಿದ್ರೆ ವರ್ಷಪೂರ್ತಿ ಇಲ್ಲಿನ ಕೆಲಸ ನಿಮ್ಮದೇ. ಇಲ್ಲ ಅಂದ್ರೆ ನಾಳೆ ಬೇರೆಯವರು ಬರ್ತಾರೆ.”

“ಗೊತ್ತಾದ್ರೆ ಅವರನ್ನ ಏನು ಮಾಡ್ತೀರಾ ಸಾರ್?”

“ಮನೆಗೆ ಕಳಿಸ್ತೀನಿ. ಮತ್ತೇನು ಸನ್ಮಾನ ಮಾಡ್ಲಾ?”

ರಿಪೇರಿಯವನು ಮತ್ತೆ ಕಂಪ್ಯೂಟರಿನತ್ತ ಬಾಗಿದ. ಈ ಗಿರಾಕಿಯೂ ಕೈತಪ್ಪಿದರೆ ಅವನ ಒಂದು ಕೋಣೆಯ ಅಂಗಡಿಗೆ ಬಾಗಿಲು ಹಾಕುವುದೊಂದೇ ಉಳಿದಿತ್ತು.

ಕಟ್ಟಡಗಳ ನಕ್ಷೆ ತಯಾರಿಸುವ ಆ ಸಣ್ಣ ಕಚೇರಿಗೆ ಅಂಟಿದ ವೈರಸ್ ಮಹಾ ಮೊಂಡು. ನಕ್ಷೆಗಳನ್ನೆಲ್ಲ ಎಲ್ಲೋ ಬಚ್ಚಿಟ್ಟು, ಅವುಗಳ ಜಾಗದಲ್ಲಿ ಅದೇ ಹೆಸರಿನ ಪೊಳ್ಳು ಕಡತಗಳನ್ನು ಕೂರಿಸುತ್ತಿತ್ತು. ತೆಗೆದರೆ ಹೋಗುತ್ತಿತ್ತು. ಕೆಲವು ವಾರ ತಣ್ಣಗಿದ್ದು, ತವರಿಗೆ ಬಂದಷ್ಟೇ ಸಲೀಸಾಗಿ ಮರಳಿ ಬರುತ್ತಿತ್ತು. ಅದು ಮರಳಿದಾಗಲೆಲ್ಲ ರಿಪೇರಿಯವನಿಗೆ ಒಳಗೊಳಗೆ ಸಮಾಧಾನವೇ ಆಗಿತ್ತೆಂಬುದು ಬೇರೆ ಮಾತು. ಅಂಗಡಿಯಲ್ಲಿ ನೊಣ ಹೊಡೆಯುತ್ತ ಕೂತವನಿಗೆ ಆ ಕರೆ ಹೋದ ಜೀವ ಬಂದಂತೆ.

ಅವನನ್ನು ಇಲ್ಲಿಗೆ ಗೊತ್ತುಮಾಡಿಸಿದವಳು ಅಕ್ಕ. ಮುಂದಿನ ಮೇಜಿನಲ್ಲಿ ಕೂತು ಫೋನು ಎತ್ತುವುದು ಅವಳ ಕೆಲಸ. ಬೆಳಿಗ್ಗೆ ಬೀಗ ತೆಗೆಯುವವಳೂ, ಏಳಲು ಯುಗ ಹಿಡಿಯುವ ಆ ಹಳೆಯ ಕಂಪ್ಯೂಟರುಗಳನ್ನು ಎಬ್ಬಿಸಿಡುವವಳೂ ಅವಳೇ. “ಮನೇಲಿ ಒಬ್ಬನ್ನ ಎಬ್ಬಿಸಿ, ಇಲ್ಲಿ ಬಂದು ಐದನ್ನ ಎಬ್ಬಿಸ್ತೀನಿ. ಐದೇ ವಾಸಿ” ಎಂದು ತಮ್ಮನನ್ನು ತೋರಿಸಿ ಎಲ್ಲರನ್ನೂ ನಗಿಸುತ್ತಿದ್ದಳು.

ಮೂಲೆಯ ಮೇಜು ಹಿರಿಯ ನಕ್ಷೆಗಾರರದು. ಇಡೀ ಕಚೇರಿ ಅವರನ್ನು ತಾತ ಎನ್ನುತ್ತಿತ್ತು. ಹಾಸಿಗೆ ಹಿಡಿದ ಹೆಂಡತಿಗೆ ಉಣಿಸಿ ಬರುವಷ್ಟರಲ್ಲಿ ಅವರಿಗೆ ದಿನವೂ ತಡ. ವ್ಯವಸ್ಥಾಪಕನ ಬೈಗುಳ ತಿಂದ ಮೇಲೆಯೇ ಅವರು ಕುರ್ಚಿಗೆ ಕೂರುವುದು.

“ಏನ್ ಡಾಕ್ಟ್ರೇ, ರೋಗಿ ಬದುಕ್ತಾನಾ?” ಎಂದರು ತಾತ.

“ಬದುಕ್ತಾನೆ ತಾತ. ರೋಗ ತಂದವರು ಯಾರು ಅಂತ ನೋಡ್ತಿದೀನಿ.”

“ನೋಡಪ್ಪ. ನನ್ನದನ್ನೇ ಮೊದಲು ನೋಡು, ಕೆಲಸ ಬಾಕಿ ಇದೆ.”

ಹಿಂದೆಲ್ಲ ಅವನು ವೈರಸ್ಸನ್ನಷ್ಟೇ ಹುಡುಕಿದ್ದ. ಈ ಸಲ ಅದು ಬಂದ ದಾರಿಯನ್ನು ಹುಡುಕಿದ. ಒಂದೊಂದೇ ಕಂಪ್ಯೂಟರನ್ನು ಪ್ರತ್ಯೇಕವಾಗಿ ಬಗೆದು ನೋಡಿದ. ಮಧ್ಯಾಹ್ನ ಕಳೆಯುವಷ್ಟರಲ್ಲಿ ಸಂಗತಿ ಸ್ಪಷ್ಟವಾಯಿತು. ನಾಲ್ಕಕ್ಕೆ ರೋಗ ತಂತಿಯ ಮೂಲಕ ಹರಡಿತ್ತು. ಒಂದಕ್ಕೆ ಮಾತ್ರ ಪೆನ್‌ಡ್ರೈವ್‌ನಿಂದ ನೇರವಾಗಿ ಇಳಿದಿತ್ತು. ಪ್ರತಿ ಸಲವೂ ಅದೇ ಪೆನ್‌ಡ್ರೈವ್. ಪ್ರತಿ ಸಲವೂ ಬೆಳಿಗ್ಗೆ, ಕಂಪ್ಯೂಟರು ಎಚ್ಚರಗೊಂಡ ಕೂಡಲೇ.

ಅಕ್ಕ ನೀರಿನ ಲೋಟ ಹಿಡಿದು ಬಂದಳು. “ಸಿಕ್ತಾ?”

“ಸಿಕ್ತು. ಮೂಲೆಯದ್ದು.”

ಅವಳು ಲೋಟವನ್ನು ಮೇಜಿನ ಮೇಲಿಟ್ಟಳು. ದನಿ ತಗ್ಗಿಸಿದಳು. “ಗೊತ್ತಾಗ್ಲಿಲ್ಲ ಅಂತ ಹೇಳಿಬಿಡು.”

“ಹಾಗಂದ್ರೆ ಅಂಗಡಿ ಮುಚ್ಚಬೇಕು.”

“ಮುಚ್ಚಿದ್ರೆ ಮುಚ್ಚಲಿ. ನಿನಗೆ ನಾನಿದ್ದೀನಿ. ಅವರಿಗೆ ಯಾರಿದ್ದಾರೆ?”

“ಅದನ್ನ ಅವರು ಪೆನ್‌ಡ್ರೈವ್ ಚುಚ್ಚೋವಾಗ ಯೋಚನೆ ಮಾಡಬೇಕಿತ್ತು.”

“ಇನ್ನೊಂದು ಸಲ ನೋಡು. ತಪ್ಪಾಗಿರಬಹುದು.”

“ಅಕ್ಕ, ಇದೊಂದು ಕೆಲಸ ನನಗೆ ಬರುತ್ತೆ. ಇದರಲ್ಲೂ ನೀನು ಹೇಳಿಕೊಡಬೇಡ.”

ಅಕ್ಕನ ದುಡಿಮೆಯಲ್ಲಿ ಕೂತು ತಿನ್ನುವವನು ಎಂಬ ಮಾತನ್ನು ಬೀದಿಯವರ ಬಾಯಲ್ಲಿ ಕೇಳಿ ಅವನಿಗೆ ಸಾಕಾಗಿತ್ತು. “ನಾನಿದ್ದೀನಿ” ಎಂದಾಗ ಅವಳೂ ಅದನ್ನೇ ಅಂದಂತೆ ಕೇಳಿಸಿತು. ಎದ್ದು ನೇರವಾಗಿ ವ್ಯವಸ್ಥಾಪಕನ ಕೋಣೆಗೆ ನಡೆದ. ಅಕ್ಕ ಬಾಗಿಲ ತನಕ ಹಿಂದೆಯೇ ಬಂದಳು; ಬಾಯಿ ತೆರೆದವಳು ಹಾಗೆಯೇ ನಿಂತುಬಿಟ್ಟಳು.

ತಾತನನ್ನು ಕರೆಸಲಾಯಿತು. ಅವರು ಜಗಳವಾಡಲಿಲ್ಲ. “ನಾನು ಪೆನ್‌ಡ್ರೈವ್ ಮುಟ್ಟಿದವನೇ ಅಲ್ಲ ಸಾರ್” ಎಂದು ಒಮ್ಮೆ ಹೇಳಿದರು, ಅಷ್ಟೆ.

“ಹಾಗಾದ್ರೆ ಮೆಷಿನ್ ಸುಳ್ಳು ಹೇಳುತ್ತಾ?” ಎಂದ ವ್ಯವಸ್ಥಾಪಕ.

ತಾತ ಉತ್ತರಕ್ಕಾಗಿ ರಿಪೇರಿಯವನ ಮುಖ ನೋಡಿದರು.

“ಹೇಳಲ್ಲ ಸಾರ್” ಎಂದ ರಿಪೇರಿಯವನು.

“ಸರಿ ಬಿಡಪ್ಪ. ನಿನ್ನ ಕೆಲಸ ನಿನಗೆ ಗೊತ್ತು” ಎಂದರು ತಾತ. ತಮ್ಮ ಅಳತೆಪಟ್ಟಿಯನ್ನೂ ಕನ್ನಡಕದ ಡಬ್ಬಿಯನ್ನೂ ಕೈಚೀಲಕ್ಕೆ ಹಾಕಿಕೊಂಡರು. ಮೆಟ್ಟಿಲಿಳಿದರು. ಇಷ್ಟು ವರ್ಷಗಳಲ್ಲಿ ಮೊದಲ ಬಾರಿಗೆ ಅವರು ಹೊತ್ತಿಗೆ ಮುಂಚೆ ಮನೆ ಸೇರಿದರು.

ಸಂಜೆ ರಿಪೇರಿಯವನ ಕಾಲು ನೆಲದ ಮೇಲಿರಲಿಲ್ಲ. ಅಂಗಡಿಗೆ ಹೊಸ ಫಲಕ ಬರೆಸುವ ಮಾತಾಡಿದ. ಅಕ್ಕ ತಟ್ಟೆಯ ಮುಂದೆ ಕೂತಿದ್ದಳು. ಕೈ ಮಾತ್ರ ತಟ್ಟೆಗೆ ಇಳಿದಿರಲಿಲ್ಲ.

“ಇನ್ಮೇಲೆ ಆ ವೈರಸ್ ಬರಲ್ಲ ಅಕ್ಕ. ಬೇಕಾದ್ರೆ ಬರೆದುಕೊಡ್ತೀನಿ.”

“ಗೊತ್ತು. ಬರಲ್ಲ.”

“ಅಬ್ಬಾ, ಕೊನೆಗೂ ತಮ್ಮನ ಮೇಲೆ ನಂಬಿಕೆ ಬಂತಲ್ಲ.”

ಅವಳು ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. “ನೀನು ಕೆಲಸ ಇಲ್ಲದೆ ಮುಖ ಸಪ್ಪೆ ಮಾಡ್ಕೊಂಡು ಕೂತಾಗಲೆಲ್ಲ ಅಲ್ಲಿಂದ ಫೋನ್ ಬರ್ತಿತ್ತಲ್ಲ. ಯಾಕೆ ಅಂತ ಯಾವತ್ತಾದ್ರೂ ಯೋಚಿಸಿದ್ಯಾ?”

ಅವನು ನಕ್ಕ. ನಗು ಅರ್ಧಕ್ಕೇ ನಿಂತಿತು.

“ತಾತನ ಮೇಲೆ ಯಾರಿಗೂ ಅನುಮಾನ ಬರಲ್ಲ ಅಂತಲೇ ಕಣೋ, ನಾನು ಅವರ ಮೆಷಿನ್ನಿಗೆ ಅದನ್ನ ಹಾಕ್ತಿದ್ದದ್ದು.”